ಎರಡು ಇಂಚು ಸಡಿಲ

ಫೆಬ್ರವರಿ 2

ಮಾನ್ಯರೇ,

ತಮ್ಮ ಪೇಟೆಯನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಯೊಂದು ನಗರ ಯೋಜನಾ ಕಚೇರಿಯಲ್ಲಿ ಸಿದ್ಧವಾಗುತ್ತಿರುವುದು ತಮ್ಮ ಗಮನಕ್ಕೆ ಬಂದಿರಬಹುದು. ಅದಕ್ಕಾಗಿ ಇಡೀ ಪೇಟೆಯ ಮರದ ಮಾದರಿಯೊಂದನ್ನು ನಮ್ಮ ಕಾರ್ಯಾಗಾರ ತಯಾರಿಸುತ್ತಿದೆ. ದೊಡ್ಡ ರಸ್ತೆಗಳ ಅಳತೆ ಸರ್ವೆಯವರಿಂದ ಬಂದಿದೆ. ಅವರು ಬಂದದ್ದು ಅಂಗಡಿಗಳೆಲ್ಲ ಮುಚ್ಚಿದ್ದ ರಜೆಯ ದಿನವಾದ್ದರಿಂದ ಒಳಗಿನ ಗಲ್ಲಿಗಳು, ಅಂಗಡಿಗಳ ಮುಂಗಟ್ಟು, ಮೆಟ್ಟಿಲುಗಳು ಇವುಗಳ ಅಳತೆ ಮಾತ್ರ ಇಲ್ಲ. ಅಲ್ಲಿ ನೆಟ್ಟಗೆ ಟೇಪು ಹಿಡಿಯಬಲ್ಲವರು ಯಾರಾದರೂ ಗೊತ್ತೇ ಎಂದು ನಮ್ಮ ಮುಖ್ಯಸ್ಥರು ಕೇಳಿದರು. ಒಬ್ಬರು ಗೊತ್ತು ಎಂದೆ.

ಬೇಕಾದ ಅಳತೆಗಳ ಪಟ್ಟಿ ಲಗತ್ತಿಸಿದೆ. ತಮ್ಮಿಂದ ಸಾಧ್ಯವಾಗದಿದ್ದಲ್ಲಿ ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಮಾದರಿ ವಿಭಾಗ

ವಿ.ಸೂ.: ಮಿಷನ್ ತುಳಿಯುವ ಬಲಗಾಲಿನ ಮಂಡಿ ಈಗ ಹೇಗಿದೆ?

*

ಫೆಬ್ರವರಿ 13

ಮಾದರಿ ವಿಭಾಗಕ್ಕೆ ಅಕ್ಕನ ಆಶೀರ್ವಾದ.

ಐವತ್ತಾರು ವರ್ಷದಲ್ಲಿ ನನ್ನನ್ನು 'ಮಾನ್ಯರೇ' ಎಂದವಳು ನೀನೇ ಮೊದಲು. ಕಾಗದವನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿಟ್ಟಿದ್ದೇನೆ. ಗಿರಾಕಿಗಳು ತಕರಾರು ತೆಗೆದರೆ ಬೆರಳು ಮಾಡಿ ತೋರಿಸುತ್ತೇನೆ. ಮಂಡಿಯದು ಹೇಳುವಂಥದ್ದೇನಿಲ್ಲ, ಮಳೆ ಬರುವ ಸುದ್ದಿಯನ್ನು ಎಲ್ಲರಿಗಿಂತ ಮೊದಲು ತಿಳಿಸುತ್ತದೆ.

ಹನ್ನೊಂದು ವರ್ಷ ಆಯಿತಲ್ಲೇ, ಗುಂಡುಸೂಜಿ. ಮುಟ್ಟಿದರೆ ಚುಚ್ಚುತ್ತೀಯ ಅಂತ ಆ ಹೆಸರಿಟ್ಟವಳು ನಾನು, ಕೊನೆಗೆ ಚುಚ್ಚಿದವಳೂ ನಾನೇ. ಅಮ್ಮ ತೀರಿಹೋದ ತಿಂಗಳು ನೀನು ಕೆಲಸ ಸಿಕ್ಕಿತೆಂದು ಪೆಟ್ಟಿಗೆ ಕಟ್ಟಿಕೊಂಡು ಬಂದು ನಿಂತೆ. 'ಅಮ್ಮನ ಕತ್ತರಿ ನಂಗೆ ಕೊಡಕ್ಕಾ' ಎಂದು ಕೇಳಿದೆ. 'ಅದು ಅಂಗಡೀದು. ಬಿಟ್ಟು ಹೋಗೋಳಿಗೆ ಏನು ಹಕ್ಕಿದೆ?' ಎಂದು ನಾನು ಹೇಳಿದೆ. ನೀನು ಗಲ್ಲಿ ದಾಟಿ, ಎದುರು ಮಹಡಿಯ ನಿನ್ನ ಕೋಣೆಗೆ ಹೋಗಿ ಕಿಟಕಿ ಮುಚ್ಚಿದೆ, ಬೀಗ ಹಾಕಿದೆ, ಕೀಲಿಕೈಯನ್ನೂ ತೆಗೆದುಕೊಂಡು ಹೋದೆ. ಆ ಕಿಟಕಿ ಇವತ್ತಿಗೂ ಹಾಗೇ ಇದೆ. ಈಗಲೂ ಅಳತೆ ಬರೆದು ಮುಗಿಸಿದ ಕೂಡಲೇ ನನ್ನ ಕೈ ತಾನೇ ತಾನಾಗಿ ಕಿಟಕಿಯ ಹೊರಗೆ ಚಾಚುತ್ತದೆ. ನಾನು ಈ ಕಡೆ ಅಳತೆ ತೆಗೆದು ಚೀಟಿ ಸಿಕ್ಕಿಸಿದ ಬಟ್ಟೆಯನ್ನು ಗಲ್ಲಿಯ ಮೇಲಿನಿಂದ ಕೊಡುವುದು, ನೀನು ಆ ಕಡೆಯಿಂದ ಬಾಗಿ ತೆಗೆದುಕೊಂಡು ಕತ್ತರಿಸುವುದು. ಇದ್ದದ್ದು ಒಂದೇ ಒಳ್ಳೆಯ ಕತ್ತರಿ, ಅದೂ ದಿನಕ್ಕೆ ಹತ್ತು ಸಲ ಅತ್ತಿಂದಿತ್ತ ಹಾಯುತ್ತಿತ್ತು. ಕೆಳಗೆ ಹೋಗುವವರು ಅಭ್ಯಾಸಬಲದಿಂದ ತಲೆ ತಗ್ಗಿಸುತ್ತಿದ್ದರು.

ಪೇಟೆಯನ್ನು ನೀನು ಈಗ ನೋಡಿದರೆ ಗುರುತು ಹಿಡಿಯುವುದು ಕಷ್ಟ. ರೇಡಿಯೋ ರಿಪೇರಿಯವರೆಲ್ಲ ಫೋನ್ ರಿಪೇರಿಯವರಾಗಿದ್ದಾರೆ, ಕೂತು ಬೆನ್ನು ಬಗ್ಗಿಸುವ ರೀತಿ ಮಾತ್ರ ಅದೇ. ಹತ್ತಿಯ ಉಗ್ರಾಣದಲ್ಲಿ ವ್ಯಾಯಾಮಶಾಲೆ ಬಂದಿದೆ. ಹಿಂದೆ ಅಲ್ಲಿ ಭಾರ ಎತ್ತುವವರಿಗೆ ಕೂಲಿ ಕೊಡುತ್ತಿದ್ದರು, ಈಗ ಎತ್ತುವವರೇ ದುಡ್ಡು ಕೊಟ್ಟು ಎತ್ತುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಶಟರ್‌ಗಳು ಒಂದರ ಹಿಂದೆ ಒಂದು ಮೇಲೆ ಹೋಗುವ ಸದ್ದು ಬದಲಾಗಿಲ್ಲ. ಆಗ ನಾನು ಕಣ್ಣು ಮುಚ್ಚಿಕೊಂಡರೆ ಅದು ಯಾವ ವರ್ಷ ಬೇಕಾದರೂ ಆಗಿರಬಹುದು, ಎದುರು ಕಿಟಕಿಯಲ್ಲಿ ಯಾರು ಬೇಕಾದರೂ ಇರಬಹುದು.

ಟೇಪು ನನ್ನ ಕತ್ತಿನಲ್ಲೇ ಇದೆ. ಅಳೆಯುತ್ತೇನೆ.

ಇಂತಿ,
ಮಾನ್ಯರು

*

ಮಾರ್ಚ್ 1

ಅಕ್ಕನಿಗೆ,

ಆ 'ಮಾನ್ಯರೇ' ಕಚೇರಿಯವರು ಟೈಪ್ ಮಾಡಿದ್ದು ಎಂದು ಸುಳ್ಳು ಹೇಳೋಣ ಅಂದುಕೊಂಡೆ. ನಾನೇ ಬರೆದದ್ದು. ಹನ್ನೊಂದು ವರ್ಷದ ಮೇಲೆ ಕಾಗದವನ್ನು ಹೇಗೆ ಶುರು ಮಾಡಬೇಕು ಅಂತ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ನಮ್ಮ ಕಾರ್ಯಾಗಾರ ಒಂದು ಉದ್ದನೆಯ ಹಾಲು. ಬೆಳಕು ಸೂರಿನ ಗಾಜಿನಿಂದ ಇಳಿಯುತ್ತದೆ. ನಡುವೆ ದೊಡ್ಡ ಹಲಗೆ, ಅದರ ಮೇಲೆ ನಮ್ಮ ಪೇಟೆ. ನಾಲ್ಕು ಅಡಿಗೆ ಒಂದು ಇಂಚು. ಈ ಲೆಕ್ಕದಲ್ಲಿ ನೀನು ಒಂದೂಕಾಲು ಇಂಚು ಎತ್ತರ, ಜಗಳಕ್ಕೆ ಅಷ್ಟು ಸಾಕು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ನಾನು ಹಲಗೆಯ ಮಟ್ಟಕ್ಕೆ ಕಣ್ಣಿಟ್ಟು ಕೂರುತ್ತೇನೆ. ಮರದ ಪುಡಿ ಬಿಸಿಲಿನಲ್ಲಿ ತೇಲುತ್ತಿರುತ್ತದೆ. ಸ್ವಲ್ಪ ಹೊತ್ತು ಹಾಗೇ ನೋಡುತ್ತಿದ್ದರೆ ಬೀದಿಯಲ್ಲಿ ಜನ ಓಡಾಡಲು ಶುರುವಾಗುತ್ತದೆ.

ಒಂದು ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಗಲ್ಲಿಯೊಂದು ತನ್ನ ಅತ್ಯಂತ ಇಕ್ಕಟ್ಟಾದ ಜಾಗದಲ್ಲಿ ಆರೂವರೆ ಅಡಿ, ಅಂದರೆ ಎಪ್ಪತ್ತೆಂಟು ಇಂಚು ಇದ್ದರೆ, ಯೋಜನೆಯಲ್ಲಿ ಅದು ದಾರಿ. ಅದೂ ಉಳಿಯುತ್ತದೆ, ಇಕ್ಕೆಲದ ಕಟ್ಟಡಗಳೂ ಉಳಿಯುತ್ತವೆ. ಒಂದು ಕೂದಲೆಳೆ ಕಡಿಮೆಯಾದರೂ ಅದು ಬರೀ ಖಾಲಿ ಜಾಗ. ಎಲ್ಲವನ್ನೂ ಕೆಡವಿ ಸೇರಿಸಿ ಒಂದೇ ಕಟ್ಟಡ ಎಬ್ಬಿಸುತ್ತಾರೆ. ನಿನ್ನ ಅಂಗಡಿ, ಎದುರಿನ ನನ್ನ ಕೋಣೆ, ಎಲ್ಲ ಹೋಗುತ್ತದೆ. ಅದಕ್ಕೇ ಬೇರೆಯವರ ಹತ್ತಿರ ಅಳೆಸದೆ ನಿನ್ನನ್ನು ಕೇಳಿದೆ.

ಕತ್ತರಿಯ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಹದಿನೈದು ವರ್ಷ ಆ ಕೋಣೆಯಲ್ಲಿ ಕತ್ತರಿಸಿದೆ. ಅಮ್ಮ ನನ್ನ ಕೆಲಸ ಚೆನ್ನಾಗಿದೆ ಅಂತ ಒಂದು ಸಲವೂ ಹೇಳಲಿಲ್ಲ. ಕತ್ತರಿಯಾದರೂ ಇದ್ದರೆ ಅದು ಹೇಳಿದ ಹಾಗೆ ಅಂದುಕೊಂಡಿದ್ದೆ. ಅಷ್ಟೇ.

ಇಂತಿ,
ತಂಗಿ

*

ಮಾರ್ಚ್ 24

ಗುಂಡುಸೂಜಿಗೆ,

ಹದಿನಾಲ್ಕು ಹಾಳೆ ಆಯಿತು, ಇದರೊಂದಿಗೆ ಇಟ್ಟಿದ್ದೇನೆ. ಟೇಪಿನ ಇನ್ನೊಂದು ತುದಿ ಹಿಡಿದವನು ಕೊಡೆಯಣ್ಣ. ನೆನಪಿದ್ದಾನಲ್ಲ, ಪಕ್ಕದ ಸಂದಿನಲ್ಲಿ ಕೂತು ಮಳೆಗಾಲದಲ್ಲಿ ಕೊಡೆ ರಿಪೇರಿ, ಮಿಕ್ಕ ಕಾಲದಲ್ಲಿ ಕತ್ತರಿಗಳಿಗೆ ಸಾಣೆ. ಕಿವಿ ಸ್ವಲ್ಪ ಮಂದವಾಗಿದೆ, ಬಾಯಿ ಆಗಿಲ್ಲ.

ಪೇಟೆ ನಿಂತಲ್ಲಿ ನಿಲ್ಲುವ ಗಿರಾಕಿಯಲ್ಲ ಕಣೆ. ನಾವು ಟೇಪು ಎಳೆದು ಹಿಡಿದರೆ ಅದರ ಅಡಿಯಿಂದ ನುಸುಳುವವರು, ಮೇಲಿಂದ ದಾಟುವವರು. ತಳ್ಳುಗಾಡಿಯವಳೊಬ್ಬಳು ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು, ಗಾಡಿ ದಾಟಿಸಿ, ಮತ್ತೆ ನನ್ನ ಕೈಗೇ ಕೊಟ್ಟು ಹೋದಳು. ಗಡಿಯಾರದ ಅಂಗಡಿಯ ಹನ್ನೊಂದು ಮೆಟ್ಟಿಲುಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಇಷ್ಟು ವರ್ಷ ಹತ್ತಿಳಿದರೂ ಅದು ಕಾಲಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಪ್ರತಿ ಅಂಗಡಿಯವರೂ 'ಸ್ವಲ್ಪ ಕೈ ಸಡಿಲ ಬಿಟ್ಟು ಬರ್ಕೊಳಕ್ಕಾ' ಅನ್ನುವವರೇ. 'ನಾನು ಯಾವತ್ತಾದ್ರೂ ಯಾರಿಗಾದ್ರೂ ಬಿಗಿ ಮಾಡಿದ್ದೀನಾ?' ಎಂದೆ.

ಅಳೆಯುತ್ತಾ ಹೋದರೆ ತಿಳಿಯುತ್ತದೆ, ಇದನ್ನು ಯಾರೂ ಒಂದು ದಿನ ಕೂತು ಮಾಡಿದ್ದಲ್ಲ. ಒಬ್ಬ ತನ್ನ ಬಾಗಿಲನ್ನು ಒಂದು ಮೊಳ ಮುಂದೆ ತಂದ, ಪಕ್ಕದವನು ನೋಡಿ ತಾನೂ ತಂದ. ಮೂರನೆಯವನು ಮಳೆಗೆ ಹೆದರಿ ಸೂರು ಚಾಚಿದ. ಅದರ ಕೆಳಗೆ ನೆರಳಿತ್ತೆಂದು ಒಬ್ಬಳು ಹೂವಿನ ಬುಟ್ಟಿ ಇಟ್ಟಳು, ಈಗ ಅಲ್ಲಿ ಅವಳ ಮೊಮ್ಮಗಳ ಅಂಗಡಿ ಇದೆ. ಆಲ್ಟ್ರೇಷನ್ ಮೇಲೆ ಆಲ್ಟ್ರೇಷನ್.

ಮೊನ್ನೆ ಮಧ್ಯಾಹ್ನ ಮಿಷನ್ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ. ಕನಸಿನಲ್ಲಿ ಪೇಟೆ ಮೆಟ್ಟಿಲು ಹತ್ತಿಕೊಂಡು ಬಂತು. ಹೇಗಿತ್ತು ಅಂತ ಕೇಳಿದರೆ ಹೇಳಲು ಬರುವುದಿಲ್ಲ. ದೊಡ್ಡದಾಗಿತ್ತು, ಮೈತುಂಬ ಶಟರ್‌ಗಳ ಸದ್ದಿತ್ತು, ಸುಸ್ತಾಗಿತ್ತು. ಎರಡೂ ಕೈ ಅಗಲಿಸಿ ನನ್ನ ಮುಂದೆ ನಿಂತಿತು. 'ಉಸಿರು ಬಿಡಬೇಡ' ಎಂದು ಅದರ ಎದೆಗೆ ಟೇಪು ಸುತ್ತಿದೆ. 'ಬಿಡದೆ ಹೇಗಿರಲಿ?' ಎಂದಿತು. ಎಚ್ಚರವಾದಾಗ ಟೇಪು ಮಿಷನ್ನಿನ ಚಕ್ರಕ್ಕೆ ಸುತ್ತಿಕೊಂಡಿತ್ತು.

ಈಗ ನೀನು ಕಾಯುತ್ತಿರುವ ಸಂಖ್ಯೆ. ನಮ್ಮ ಗಲ್ಲಿಯಲ್ಲಿ ತೀರ ಇಕ್ಕಟ್ಟು ಅಂದರೆ ಎರಡೂ ಗೋಡೆಗೆ ಜಾಹೀರಾತು ಅಂಟಿಸುವ ಜಾಗ. ಎಪ್ಪತ್ತೊಂಬತ್ತು. ಒಂದು ಇಂಚು ಮೇಲೆಯೇ ಇದೆ! ಪಾಪ, ಕೊಡೆಯಣ್ಣನ ಸಂದು ಎಪ್ಪತ್ತಾರು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ, ಸಂದನ್ನು ನಾನೇ ಹಿಸುಕಿದೆನೋ ಎಂಬಂತೆ.

ಅಮ್ಮನ ವಿಷಯ ಬರೆದಿದ್ದೀಯ. ಅದಕ್ಕೆ ಉತ್ತರ ಬರೆಯಲು ಕೂತು ಎರಡು ಸಲ ಎದ್ದೆ. ಇನ್ನೊಮ್ಮೆ ಬರೆಯುತ್ತೇನೆ.

ಇಂತಿ,
ಅಕ್ಕ

*

ಏಪ್ರಿಲ್ 28

ಅಕ್ಕಾ,

ಮೊದಲು ನಗುವ ಸುದ್ದಿ.

ದೊಡ್ಡ ರಸ್ತೆಯ ನಲವತ್ತೆಂಟು ಅಂಗಡಿಗಳನ್ನು ನಿನ್ನ ಅಳತೆಯ ಪ್ರಕಾರ ಕೊಯ್ದು, ಉಜ್ಜಿ, ಸಾಲಾಗಿ ಹಲಗೆಯ ಮೇಲೆ ಜೋಡಿಸಿದೆ. ಸರ್ವೆಯವರು ಕೊಟ್ಟ ರಸ್ತೆಯ ಉದ್ದ ಸಾಲಲೇ ಇಲ್ಲ. ಎರಡು ಇಂಚು ಹೆಚ್ಚಾಯಿತು. ಸಾಲಿನ ಕೊನೆಯ ಅಂಗಡಿ, ಅಂದರೆ ಗಲ್ಲಿಯ ಬಾಯಲ್ಲಿರುವ ನಿನ್ನದು, ಪೂರ್ತಿ ಹಲಗೆಯ ಆಚೆ ಗಾಳಿಯಲ್ಲಿ ನಿಂತಿತ್ತು. ಒಂದು ವಾರ ನನ್ನ ಗರಗಸವನ್ನು ಬೈದೆ, ಆಮೇಲೆ ಸರ್ವೆಯವರನ್ನು ಬೈದೆ. ಒಂದು ಬೆಳಿಗ್ಗೆ ನಿನ್ನ ಹಾಳೆಗಳನ್ನು ಹಿಡಿದು ಕೂತಿದ್ದಾಗ, ನಿನ್ನ ಕೈಬರಹದ ಆ ಅಂಕಿಗಳು ಬಟ್ಟೆಗೆ ಸಿಕ್ಕಿಸಿದ ಚೀಟಿಯ ಹಾಗೆ ಕಂಡವು. ಎದ್ದು ನಿಂತು ಒಬ್ಬಳೇ ನಕ್ಕೆ. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಬೇರೆ ದರ್ಜಿಗಳು ಮೈಯ ಅಳತೆ ಬರೆಯುತ್ತಾರೆ, ಸಡಿಲ ಎಷ್ಟು ಬಿಡಬೇಕೆಂದು ಕತ್ತರಿಸುವವರು ನೋಡಿಕೊಳ್ಳುತ್ತಾರೆ. ನಮ್ಮಲ್ಲಿ ಹಾಗಿರಲಿಲ್ಲ. ಉಸಿರಾಡಲಿಕ್ಕೆ, ಕೈ ಎತ್ತಲಿಕ್ಕೆ, ಊಟ ಮಾಡಿ ಕೂರಲಿಕ್ಕೆ ಬೇಕಾದ ಎರಡು ಇಂಚನ್ನು ಅಳೆಯುವವಳೇ ಮನಸ್ಸಿನಲ್ಲಿ ಕೂಡಿಸಿ ಬರೆಯಬೇಕು, ಕತ್ತರಿಸುವವಳು ಚೀಟಿ ಕಂಡ ಹಾಗೆ ಕತ್ತರಿಸಬೇಕು. ಅಮ್ಮನ ಕಟ್ಟಪ್ಪಣೆ. ನಲವತ್ತು ವರ್ಷದಿಂದ ನಿನ್ನ ಕೈ ಹಾಗೇ ಬರೆದಿದೆ. ಅಕ್ಕಾ, ನೀನು ಇಡೀ ಪೇಟೆಗೆ ಎರಡೆರಡು ಇಂಚು ಸಡಿಲ ಬಿಟ್ಟಿದ್ದೀಯ! ಬಾಗಿಲಿಗೆ, ಮೆಟ್ಟಿಲಿಗೆ, ಗಡಿಯಾರದ ಅಂಗಡಿಯ ಕಿಟಕಿಗೆ, ಎಲ್ಲದಕ್ಕೂ. ಒಂದು ಪೇಟೆಗೆ ಅದರ ದರ್ಜಿ ತೋರಿಸಿದ ಇಷ್ಟೊಂದು ಪ್ರೀತಿಯನ್ನು ನಾನು ಎಲ್ಲೂ ಕಂಡಿಲ್ಲ.

ಎಲ್ಲದರಿಂದಲೂ ಎರಡು ಇಂಚು ತೆಗೆದೆ. ಸಾಲು ಒಂದಿಷ್ಟೂ ಅಲುಗದಂತೆ ಕೂತಿತು. ನಿನ್ನ ಅಂಗಡಿ ನೆಲಕ್ಕೆ ಬಂತು.

ಇನ್ನು ನಗು ಬಾರದ ಸುದ್ದಿ. ಎಲ್ಲದರಿಂದ ತೆಗೆದ ಮೇಲೆ ಗಲ್ಲಿಯಿಂದಲೂ ತೆಗೆಯಬೇಕಾಯಿತು. ಎಪ್ಪತ್ತೊಂಬತ್ತಲ್ಲ, ಎಪ್ಪತ್ತೇಳು. ಮೂರು ದಿನ ಆ ಒಂದು ಅಂಕಿಯನ್ನು ಮುಟ್ಟದೆ ಬಿಟ್ಟಿದ್ದೆ. ಬಿಟ್ಟಿದ್ದರೆ ಇಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೊಡೆಯಣ್ಣನ ಸಂದನ್ನು ಎಪ್ಪತ್ತನಾಲ್ಕು ಎಂದು ನಾನೇ ತಿದ್ದಿದ್ದೆ. ಅವನದಕ್ಕೆ ಒಂದು ಟೇಪು, ನಮ್ಮದಕ್ಕೆ ಇನ್ನೊಂದು ಟೇಪು ಹಿಡಿಯಲು ನನ್ನಿಂದ ಆಗಲಿಲ್ಲ. ಎಪ್ಪತ್ತೇಳು ಎಂದು ಬರೆದೆ.

ಬೈಯಬೇಕೆನಿಸಿದರೆ ಬೈ. ಬರೆಯದೆ ಮಾತ್ರ ಇರಬೇಡ.

ಇಂತಿ,
ಗುಂಡುಸೂಜಿ

*

ಮೇ 6

ಮಾದರಿ ವಿಭಾಗಕ್ಕೆ,

ತಮ್ಮ ಕಾಗದ ತಲುಪಿತು.

ಎರಡು ಇಂಚಿನ ಮಟ್ಟಿಗೆ ಕಣ್ಣು ಮುಚ್ಚಿಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಮರದಲ್ಲಿ ಅದು ಒಂದು ಉಗುರಿನಷ್ಟೂ ಇಲ್ಲ. ಇಲ್ಲಿ ಅದು ನನ್ನ ಮಿಷನ್ನು, ನನ್ನ ಕಿಟಕಿ, ನನ್ನ ಅನ್ನ. ಚೀಟಿ ಕಂಡ ಹಾಗೆ ಕತ್ತರಿಸು ಅಂತ ಅಮ್ಮ ಹೇಳಿಕೊಟ್ಟಿದ್ದಳು. ನೀನು ಚೀಟಿಯನ್ನೇ ತಿದ್ದಿದೆ. ಒಂದು ಸಲ ಕಿಟಕಿ ಮುಚ್ಚಿ ಹೋಗಿದ್ದು ಸಾಲದೆಂದು ಈ ಸಲ ಗಲ್ಲಿಯನ್ನೇ ಮುಚ್ಚಿದೆ.

ಇನ್ನು ಅಳತೆ ಬೇಕಾದರೆ ಬೇರೆಯವರನ್ನು ಕೇಳಿ.

ಇಂತಿ,
ದರ್ಜಿ

*

ಜೂನ್ 18

ಅಕ್ಕನಿಗೆ,

ಮೂರು ಕಾಗದ ಬರೆದು ಹರಿದೆ. ಇದು ನಾಲ್ಕನೆಯದು.

ಎಪ್ಪತ್ತೆಂಟರ ಆಸುಪಾಸು ಇರುವ ಗಲ್ಲಿಗಳನ್ನು ಕಚೇರಿಯಿಂದ ಒಬ್ಬ ಸಾಹೇಬರು ಖುದ್ದಾಗಿ ಬಂದು ಅಳೆಯಬೇಕೆಂದು ತೀರ್ಮಾನವಾಗಿದೆ. ಸೆಪ್ಟೆಂಬರ್ ಐದಕ್ಕೆ ಬರುತ್ತಾರೆ. ಅವರ ಉಕ್ಕಿನ ಟೇಪು ಹೇಳಿದ್ದೇ ಕೊನೆ. ನಾನು ಎಪ್ಪತ್ತೊಂಬತ್ತು ಅಂತ ಬಿಟ್ಟಿದ್ದರೂ ಅವರು ಬರುತ್ತಿದ್ದರು. ಸಮಾಧಾನಕ್ಕೆ ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ಮಾದರಿ ಮುಗಿಯುತ್ತಾ ಬಂದಿದೆ. ಹನ್ನೊಂದು ಗಂಟೆಗೆ ಸೂರಿನ ಗಾಜಿನಿಂದ ಬಿಸಿಲು ಸರಿದು ಸರಿದು ನಮ್ಮ ಗಲ್ಲಿಗೆ ಬರುತ್ತದೆ. ಮೊದಲು ನನ್ನ ಮುಚ್ಚಿದ ಕಿಟಕಿ, ಆಮೇಲೆ ನಿನ್ನ ತೆರೆದ ಕಿಟಕಿ. ಕಾಲು ಗಂಟೆ ಇದ್ದು ಹೋಗುತ್ತದೆ. ಅಲ್ಲಿಯೂ ಬಿಸಿಲು ಹಾಗೇ ಬರುತ್ತಿತ್ತಲ್ಲ? ಆ ಹೊತ್ತಿಗೆ ನೀನು ಸೂಜಿಗೆ ದಾರ ಪೋಣಿಸಿಟ್ಟುಕೊಳ್ಳುತ್ತಿದ್ದೆ. ನೀನು ಬರೆಯದಿದ್ದರೂ ದಿನಾ ಒಂದು ಸಲ ನಿನ್ನ ಅಂಗಡಿಯ ಮುಂದೆ ಹಾದುಹೋಗುತ್ತೇನೆ. ನೀನು ತಲೆ ಎತ್ತುವುದಿಲ್ಲ.

ಇಂತಿ,
ತಂಗಿ

*

ಆಗಸ್ಟ್ 9

ಗುಂಡುಸೂಜಿಗೆ,

ಬಿಸಿಲು ಈಗಲೂ ಹನ್ನೊಂದಕ್ಕೇ ಬರುತ್ತದೆ. ತಲೆ ಎತ್ತಿದ್ದೇನೆ, ನೋಡು.

ಎರಡು ತಿಂಗಳು ನಿನ್ನನ್ನು ಚೆನ್ನಾಗಿ ಬೈದೆ. ಕೊಡೆಯಣ್ಣ ಕೇಳುತ್ತಿದ್ದ, ಅಥವಾ ಕೇಳಿಸಿಕೊಂಡವನ ಹಾಗೆ ತಲೆಯಾಡಿಸುತ್ತಿದ್ದ. ಒಂದು ದಿನ ಅವನೇ ಬಾಯಿ ಬಿಟ್ಟ. 'ನನ್ನ ಸಂದಿಗೆ ಎಪ್ಪತ್ತನಾಲ್ಕು ಬರೆದೋಳು ತನ್ನ ಗಲ್ಲಿಗೂ ಎರಡು ಕಳೆದು ಬರೆದಳಲ್ಲಾ. ಆ ಹುಡುಗಿ ಮೇಲೆ ನಂಗೆ ಸಿಟ್ಟಿಲ್ಲಮ್ಮ' ಎಂದ. ಅವನದು ಹೇಗೂ ಹೋಗುತ್ತದೆ. ಹೋಗುವವನೇ ಸಿಟ್ಟಿಲ್ಲ ಅಂದಮೇಲೆ ನಾನು ಯಾವ ಮುಖ ಇಟ್ಟುಕೊಂಡು ಬೈಯಲಿ?

ಆಮೇಲೆ ಒಂದು ಸಂಜೆ ಒಬ್ಬ ಗಿರಾಕಿ ಕೋಟಿನ ಮೇಲೆಯೇ ಅಳತೆ ತೆಗೆ ಎಂದು ನಿಂತ. 'ಕೋಟು ಬಿಚ್ಚಪ್ಪಾ, ಮೈ ಅಳತೆ ಬೇಕು' ಎಂದೆ. ಅಂದವಳೇ ಟೇಪು ಬಿಟ್ಟು ಕಿಟಕಿಗೆ ಓಡಿದೆ. ನಿನ್ನ ಸಾಹೇಬರಿಗೆ ಬೇಕಾದದ್ದು ಗಲ್ಲಿಯ ಮೈ ಅಳತೆ. ನಾವು ಅಳೆದದ್ದು ಕೋಟಿನ ಮೇಲೆ! ಆ ಎರಡು ಗೋಡೆಗೆ ಎಷ್ಟು ವರ್ಷದಿಂದ ಜಾಹೀರಾತು ಅಂಟಿಸುತ್ತಾ ಬಂದಿದ್ದಾರೆ, ಒಂದನ್ನೂ ಕಿತ್ತಿಲ್ಲ, ಒಂದರ ಮೇಲೊಂದು ಹಚ್ಚುತ್ತಾ ಹೋಗಿದ್ದಾರೆ. ಮೂಲೆಯಲ್ಲಿ ಕೆರೆದು ನೋಡಿದೆ. ಹಲಗೆಯ ಹಾಗೆ ದಪ್ಪ.

ಮಾರನೆಯ ಬೆಳಿಗ್ಗೆ ಗಲ್ಲಿಯವರೆಲ್ಲ ಬಂದರು. ಬಿಸಿನೀರು, ಚಾಕು, ತಟ್ಟೆ, ಸಿಕ್ಕಿದ್ದೆಲ್ಲ ತಂದರು. ಹದಿನೆಂಟು ದಿನ ಹಿಡಿಯಿತು. ಮೊದಲು ಫೋನುಗಳು ಬಂದವು, ಅದರ ಕೆಳಗೆ ಕಂಪ್ಯೂಟರ್ ಕಲಿಸುವ ತರಗತಿಗಳು, ಅದರ ಕೆಳಗೆ ವಿಡಿಯೋ ಕ್ಯಾಸೆಟ್ಟು, ಟೈಪ್ ರೈಟಿಂಗ್, ಸೈಕಲ್ಲು, ರೇಡಿಯೋ. ನೆನೆದ ಕಾಗದದ ವಾಸನೆ ಗಲ್ಲಿ ತುಂಬ. ಜನ ಓಡುವುದನ್ನು ಬಿಟ್ಟು ನಿಂತು ನೋಡಿದರು. ಒಬ್ಬಾಕೆ ಒಂದು ಹಳೆಯ ಚಪ್ಪಲಿಯ ಜಾಹೀರಾತಿನ ಮುಂದೆ ಬಹಳ ಹೊತ್ತು ನಿಂತಿದ್ದಳು. 'ಇದೇ ನಂಗೆ ಬೇಕಾಗಿತ್ತು, ಕೊಡಿಸ್ಲಿಲ್ಲ' ಎಂದಳು. ಅವಳಿಗೆ ಈಗ ಎಪ್ಪತ್ತು ದಾಟಿದೆ. ಪ್ರತಿ ಪದರ ಬಿಚ್ಚಿದಾಗಲೂ ನಾವೆಲ್ಲ ಅಷ್ಟಷ್ಟು ಚಿಕ್ಕವರಾಗುತ್ತಾ ಬಂದೆವು.

ಇನ್ನು ನಾನು ಹೇಳಲೇಬೇಕಾದದ್ದು. ಮಾರ್ಚಿನಲ್ಲಿ ಬರೆಯಲು ಕೂತು ಎದ್ದಿದ್ದೆನಲ್ಲ, ಅದು.

ನನ್ನ ಕಡೆಯ ಗೋಡೆಯಲ್ಲಿ ಒಂದು ಸರ್ಕಸ್ಸಿನ ಕಾಗದ ಇತ್ತು. ಅದನ್ನು ಬೇರೆ ಯಾರಿಗೂ ಮುಟ್ಟಗೊಡದೆ ನಾನೇ ಕಿತ್ತೆ. ಅದರ ಕೆಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ಅಮ್ಮನ ಕೈಬರಹದ ಒಂದು ಹಾಳೆ. ಹೀಗೆ ಬರೆದಿದೆ: 'ಇಲ್ಲಿ ಬಟ್ಟೆ ಹೊಲಿದು ಕೊಡಲಾಗುತ್ತದೆ. ಅಳತೆ ತೆಗೆಯುವವಳು ದೊಡ್ಡ ಮಗಳು. ಕತ್ತರಿ ಹಿಡಿಯುವವಳು ಚಿಕ್ಕ ಮಗಳು. ಅವಳ ಕೈ ತಪ್ಪುವುದಿಲ್ಲ.'

ನಿನಗೆ ಆಗ ಇಪ್ಪತ್ತು. ನೀನು ಚಿಕ್ಕಮ್ಮನ ಮನೆಗೆ ಹೋಗಿದ್ದೆ. ನೀನು ಬಂದು ನೋಡಲಿ ಎಂದು ಅಮ್ಮ ಅದನ್ನು ಅಂಟಿಸಿದಳು, ನಿನಗೆ ಹೇಳಬೇಡ ಎಂದೂ ಹೇಳಿದಳು. ನಾನು ಆ ಕೊನೆಯ ಸಾಲನ್ನು ನಾಲ್ಕು ದಿನ ಓದಿದೆ. ನನ್ನ ಬಗ್ಗೆ ಅಂಥ ಸಾಲು ಇರಲಿಲ್ಲ. ಐದನೆಯ ದಿನ ಸರ್ಕಸ್ಸಿನವರ ಕಾಗದ ಕೇಳಿ ಇಸಿದುಕೊಂಡು, ನಾನೇ ಅಂಟು ಬಳಿದು ಅದರ ಮೇಲೆ ಹಚ್ಚಿದೆ. ನೀನು ಬಂದೆ, ನೋಡಲಿಲ್ಲ. ಸರ್ಕಸ್ಸಿನವರು ಹಚ್ಚಿದ್ದು ನೀನು ಬಂದ ಮೇಲೆ ಎಂದುಕೊಂಡು, ನೋಡಿಯೂ ಸುಮ್ಮನಿದ್ದಾಳೆ ಎಂದು ಅಮ್ಮ ತಿಳಿದಳು. ಆಮೇಲೆ ಅವಳು ಆ ಮಾತು ಎತ್ತಲೇ ಇಲ್ಲ. ಕತ್ತರಿ ಕೇಳಿದ ದಿನವಾದರೂ ನಾನು ಹೇಳಬಹುದಿತ್ತು.

ಹಾಳೆ ಹರಿಯದಂತೆ ಬಿಡಿಸಲು ಒಂದು ಇಡೀ ದಿನ ಬೇಕಾಯಿತು. ಇಸ್ತ್ರಿ ಮಾಡಿ ಇಟ್ಟಿದ್ದೇನೆ. ನನ್ನನ್ನು ಕ್ಷಮಿಸು ಅಂತ ಬರೆಯಲು ಬರುವುದಿಲ್ಲ. ಬರೆದೂ ಆಯಿತಲ್ಲ.

ಗೋಡೆಯನ್ನು ನಾನು ಅಳೆದಿಲ್ಲ. ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ, ಅದು ಕೂಡಿಸಿಬಿಡುತ್ತದೆ.

ಇಂತಿ,
ಅಕ್ಕ

*

ಆಗಸ್ಟ್ 17

ಅಕ್ಕಾ,

ನಿನ್ನ ಕಾಗದ ಓದಿ ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಸಿಟ್ಟು ಬಂತು. ತುಂಬ ಬಂತು. ಇಪ್ಪತ್ತು ವರ್ಷದವಳು ಆ ಸಾಲು ಓದಿದ್ದರೆ ಏನಾಗಿರುತ್ತಿದ್ದಳೋ ಎಂದು ಅಳುತ್ತಾ ಕೂತಿದ್ದೆ. ಬಹುಶಃ ಇಲ್ಲಿಗೆ ಬರುತ್ತಲೇ ಇರಲಿಲ್ಲ. ಹಲಗೆಯ ಮೇಲೆ ಈ ಪೇಟೆ ಇರುತ್ತಿರಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಾಗುತ್ತಿಲ್ಲ.

ಸಾಹೇಬರ ಟೇಪಿನ ಇನ್ನೊಂದು ತುದಿ ಹಿಡಿಯಲು ನಾನೂ ಬರುತ್ತಿದ್ದೇನೆ. ಸೆಪ್ಟೆಂಬರ್ ಐದು, ಹನ್ನೊಂದು ಗಂಟೆ. ಒಂದೇ ಗಂಟೆಯ ಕೆಲಸ, ಅವರ ಗಾಡಿಯಲ್ಲೇ ಹಿಂತಿರುಗಬೇಕು. ಕೀಲಿಕೈ ತರುತ್ತೇನೆ.

ಇಂತಿ,
ಗುಂಡುಸೂಜಿ

*

ಸೆಪ್ಟೆಂಬರ್ 8

ಅಕ್ಕಾ,

ನಾವು ಗಲ್ಲಿ ಅಳೆಯುತ್ತಿದ್ದಾಗ ನೀನು ಒಳಗೆ ಕೂತು ಮಿಷನ್ ತುಳಿಯುತ್ತಿದ್ದೆ. ಬಟ್ಟೆಯೇ ಇಲ್ಲದ ಮಿಷನ್, ಸದ್ದಿನಲ್ಲೇ ಗೊತ್ತಾಯಿತು. ಸಂಖ್ಯೆಯನ್ನು ಕೊಡೆಯಣ್ಣ ಕೂಗಿ ಹೇಳಿದ್ದು ನಿನಗೆ ಕೇಳಿಸಿತು, ಇಡೀ ಪೇಟೆಗೆ ಕೇಳಿಸಿತು. ಆದರೆ ಅದು ಹೇಗಾಯಿತೆಂದು ನೀನು ನೋಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬರಿ ಗೋಡೆ ಅಷ್ಟು ತಿಳಿ ಹಳದಿ ಬಣ್ಣದ್ದು ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಹುಟ್ಟಿದಂದಿನಿಂದ ಅದನ್ನು ಬರಿ ಮೈಯಲ್ಲಿ ಕಂಡಿರಲಿಲ್ಲ. ನಿನ್ನ ಕಡೆಯ ಗೋಡೆಗೆ ನಾನು ಟೇಪಿನ ತುದಿ ಒತ್ತಿ ಹಿಡಿದೆ. ಸಾಹೇಬರು ಕನ್ನಡಕ ಏರಿಸಿ ಓದಿದರು. ಇನ್ನೊಂದು ಸಲ, ಸ್ವಲ್ಪ ಕೆಳಗೆ. ಮತ್ತೊಂದು ಸಲ, ಸ್ವಲ್ಪ ಮೇಲೆ. ಜನ ಎರಡೂ ಬದಿಗೆ ಒತ್ತಿಕೊಂಡು ನಿಂತಿದ್ದರು. 'ಬರ್ಕೊಳ್ಳಿ' ಎಂದರು ಸಾಹೇಬರು. 'ಎಪ್ಪತ್ತೆಂಟೂಕಾಲು.' ಬರೆಯುವಾಗ ನನ್ನ ಕೈ ಏನನ್ನೂ ಕೂಡಿಸಲಿಲ್ಲ ಅಕ್ಕಾ, ಏನನ್ನೂ ಕಳೆಯಲೂ ಇಲ್ಲ.

ಕೊಡೆಯಣ್ಣನ ಸಂದನ್ನೂ ಅಳೆದರು. ಅಲ್ಲಿ ಕೀಳಲು ಕಾಗದವೇ ಇರಲಿಲ್ಲ. ಎಪ್ಪತ್ತನಾಲ್ಕು. ನಮ್ಮ ಸಂಖ್ಯೆಯನ್ನು ಕೂಗಿದವನು ಅವನೇ ಎಂಬುದನ್ನು ನಾನು ಮರೆಯಲಾರೆ.

ನಿನ್ನೆ ಮಾದರಿಯನ್ನು ಗಾಜಿನ ಪೆಟ್ಟಿಗೆಗೆ ಸೇರಿಸಿದರು. ಮುಚ್ಚುವ ಮೊದಲು ಒಂದು ದಾರವನ್ನು ಗಲ್ಲಿಯ ಈ ಬಾಯಿಂದ ಆ ಬಾಯಿಗೆ ಎಳೆದು ನೋಡಿದೆ. ಎಲ್ಲೂ ತಾಗದೆ ಹೋಯಿತು. ನನ್ನ ಕಿಟಕಿಯನ್ನು ತೆರೆದಿಟ್ಟಿದ್ದೇನೆ.

ಆಮೇಲೆ ಮಹಡಿಯ ಕಿಟಕಿಗಳಲ್ಲಿ ನಡೆದದ್ದನ್ನು ಬರೆಯಲು ನನಗೆ ಬರುತ್ತಿಲ್ಲ. ನೀನೇ ಬರೆ.

ಇಂತಿ,
ಗುಂಡುಸೂಜಿ

*

ಸೆಪ್ಟೆಂಬರ್ 21

ಗುಂಡುಸೂಜಿಗೆ,

ನಿನಗೆ ಬಾರದ್ದು ನನಗೆ ಬರುತ್ತದೆಯೇ? ಆದರೂ ಅಳೆಯುವವಳು ನಾನಲ್ಲವೇ, ಬರೆದಿಡುತ್ತೇನೆ.

ಎದುರು ಕಿಟಕಿ ಕಿರ್ ಎಂದಿತು. ಹನ್ನೊಂದು ವರ್ಷದ ಧೂಳು ಗಲ್ಲಿಗೆ ಸುರಿಯಿತು, ಕೆಳಗಿದ್ದ ನಿನ್ನ ಸಾಹೇಬರು ಟೋಪಿ ಒದರಿಕೊಂಡರು. ಬಿಸಿಲು ಆ ಹೊತ್ತಿಗೆ ನಿನ್ನ ಕಡೆ ಇತ್ತು. ನಿನ್ನ ತಲೆಗೂದಲು ಬೆಳ್ಳಗಾಗಿದೆ, ಯಾರೂ ನನಗೆ ಹೇಳಿರಲಿಲ್ಲ. ನಾನು ಅಮ್ಮನ ಹಾಳೆಯನ್ನು ಕತ್ತರಿಗೆ ಸುತ್ತಿ, ದಾರ ಕಟ್ಟಿ, ಹಿಡಿಯನ್ನು ನಿನ್ನ ಕಡೆ ಮಾಡಿ ಕೈ ಚಾಚಿದೆ. ನೀನೂ ಚಾಚಿದೆ. ಸಾಲಲಿಲ್ಲ. ಮೇಲೆ ಕಾಗದವೇನೂ ಅಂಟಿರಲಿಲ್ಲ, ಹಾಗಾಗಿ ಗೋಡೆಯ ತಪ್ಪಲ್ಲ. ನಮ್ಮ ಭುಜಗಳೇ ಬಿಗಿದುಕೊಂಡುಬಿಟ್ಟಿವೆ. ನಡುವೆ ಎಷ್ಟು ಉಳಿದಿತ್ತು ಎಂದು ನಾನು ಕಣ್ಣಲ್ಲೇ ಹೇಳಬಲ್ಲೆ. ಎರಡು ಇಂಚು.

'ಬಗ್ಗಕ್ಕಾ' ಎಂದೆ ನೀನು. 'ನೀ ಬಗ್ಗೇ' ಎಂದೆ ನಾನು. ಕೆಳಗಿನವರು ತಲೆ ತಗ್ಗಿಸಿದರು. ನೀನು ಒಂದು ಇಂಚು ಬಾಗಿದೆ, ನಾನು ಒಂದು ಇಂಚು. ಮಂಡಿ ಚಟ್ ಎಂದಿತು, ಎನ್ನಲಿ. ಕತ್ತರಿ ನನ್ನ ಕೈಯಿಂದ ಹೋಯಿತು. ನಿನ್ನ ಬೆರಳು ತಣ್ಣಗಿತ್ತು. ಅಷ್ಟರಲ್ಲಿ ಗಾಡಿಯವರು ಹಾರ್ನ್ ಹೊಡೆದರು.

ಕತ್ತರಿ ಹೋದ ಮೇಲೆ ಅಂಗಡಿಯಲ್ಲಿ ಬೇರೆಯದೊಂದು ಇಟ್ಟುಕೊಂಡಿದ್ದೇನೆ. ಇನ್ನೂ ಹೊಂದಿಕೊಂಡಿಲ್ಲ, ಜಗಳ ನಡೆದಿದೆ. ನಿನ್ನದನ್ನು ವರ್ಷಕ್ಕೊಂದು ಸಲ ಸಾಣೆಗೆ ಕೊಡಬೇಕು, ಇಲ್ಲದಿದ್ದರೆ ಬಟ್ಟೆಯನ್ನು ಅಗಿಯಲು ಶುರು ಮಾಡುತ್ತದೆ. ಅಲ್ಲಿ ಯಾರ ಕೈಗೂ ಕೊಡಬೇಡ. ಕೊಡೆಯಣ್ಣ ಸಂದು ಖಾಲಿ ಮಾಡಿ ಈಗ ನಮ್ಮ ಮೆಟ್ಟಿಲ ಕೆಳಗೆ ಬಂದು ಕೂತಿದ್ದಾನೆ, ಅಲ್ಲಿಂದಲೇ ನನ್ನ ಗಿರಾಕಿಗಳಿಗೆಲ್ಲ ಬುದ್ಧಿ ಹೇಳುತ್ತಾನೆ. ಅಂಚೆಯಲ್ಲಿ ಬಂದ ಕತ್ತರಿಯನ್ನು ಅವನು ಮುಟ್ಟುವುದಿಲ್ಲವಂತೆ. ತಂದುಕೊಟ್ಟವರು ಮುಗಿಯುವ ತನಕ ಇಲ್ಲೇ ಕಾಯಬೇಕಂತೆ. ಹಾಗೆ ಹೇಳಬೇಕೆಂದು ಅವನಿಗೆ ಹೇಳಿಕೊಟ್ಟವಳು ನಾನೇ.

ಒಂದು ದಿನದ ಕೆಲಸ. ರಜೆ ಬರೆದುಕೊಡುವಾಗ ಎರಡು ದಿನ ಸಡಿಲ ಬಿಟ್ಟು ಬರೆ.

ಇಂತಿ,
ಅಕ್ಕ